ಬಾಯಿಯ ತಪಾಸಣೆ ಆಯಿತು, ಎಲೆಸಂಚಿ ಏನಾಯಿತು?

ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಹಳ್ಳಿಗಳಲ್ಲಿ ಈಗ ಆರೋಗ್ಯ ತಪಾಸಣೆ ಎಂಬುದು ಹೊಸ ಸಂಗತಿಯಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು 30 ವರ್ಷ ದಾಟಿದವರ ವಿವರ ಬರೆದುಕೊಳ್ಳುತ್ತಾರೆ. ಕೇರಳದಲ್ಲಿ 2022ರಿಂದ ಇದಕ್ಕೆಂದೇ 'ಶೈಲಿ' ಎಂಬ ಮೊಬೈಲ್ ಆ್ಯಪ್ ಬಂದಿದೆ. ಎಲೆ-ಅಡಿಕೆ ತಿನ್ನುತ್ತೀರಾ, ಹೊಗೆಸೊಪ್ಪು ಇದೆಯಾ, ಬೀಡಿ ಸೇದುತ್ತೀರಾ, ಬಾಯಲ್ಲಿ ವಾಸಿಯಾಗದ ಹುಣ್ಣು ಉಂಟಾ ಎಂದು ಅವರು ಕೇಳುತ್ತಾರೆ. ಸಂಶಯ ಕಂಡವರನ್ನು ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಲು ಹೇಳುತ್ತಾರೆ. ಅಲ್ಲಿ ವೈದ್ಯರು ಬಾಯಿಗೆ ಬೆಳಕು ಹಾಕಿ ನೋಡುತ್ತಾರೆ. ಐದು ನಿಮಿಷದ ಕೆಲಸ. ಸೂಜಿಯಿಲ್ಲ, ನೋವಿಲ್ಲ.

ಇಷ್ಟರವರೆಗೆ ಎಲ್ಲವೂ ಸರಿ. ತೊಂದರೆ ಇರುವುದು ಅದರ ಮರುದಿನದಲ್ಲಿ. "ಫಾದರ್, ಡಾಕ್ಟರು ಟಾರ್ಚ್ ಹಾಕಿ ನೋಡಿ ಏನೂ ಇಲ್ಲ ಅಂದಿದ್ದಾರೆ, ಇನ್ನು ಎಲೆ ತಿನ್ನಲಿಕ್ಕೆ ಅಡ್ಡಿ ಇಲ್ಲವಲ್ಲ?" ಎಂದು ಕೇಳುವವರಿದ್ದಾರೆ. ಇನ್ನು ಕೆಲವರು, ಕಲೆ ಕಂಡಿದೆ ಎಂದು ತಿಳಿದ ಮೇಲೆ ಹೆದರಿ ಆಸ್ಪತ್ರೆಯ ಕಡೆಗೇ ತಲೆಹಾಕುವುದಿಲ್ಲ. ಆದರೆ ಎಲೆಸಂಚಿ ಮಾತ್ರ ಸೊಂಟ ಬಿಡುವುದಿಲ್ಲ. ಈ ಎರಡೂ ದಾರಿ ಅಪಾಯದವು. ತಪಾಸಣೆ ರೋಗವನ್ನು ಹುಡುಕಿ ಕೊಡುತ್ತದೆ, ಅಷ್ಟೆ. ರೋಗ ಬಾರದಂತೆ ಮಾಡುವುದು ಅದರ ನಂತರ ನಾವು ಬದಲಿಸುವ ಅಭ್ಯಾಸ. ಈ ತಿಂಗಳು ಆ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ವೈದ್ಯರು ಬಾಯಲ್ಲಿ ಏನನ್ನು ಹುಡುಕುತ್ತಾರೆ?

ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದು. ಹೆಂಗಸರಿಗೂ ಇದು ಬರುತ್ತದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಒಂದೇ ರಾತ್ರಿಯಲ್ಲಿ ಬರುವ ರೋಗವಲ್ಲ. ಅನೇಕ ವರ್ಷ ಮೊದಲೇ ಬಾಯಿಯ ಒಳಚರ್ಮದಲ್ಲಿ ಕೆಲವು ಗುರುತುಗಳು ಕಾಣಿಸುತ್ತವೆ. ವೈದ್ಯರು ಹುಡುಕುವುದು ಇವುಗಳನ್ನೇ.

ಒಂದು, ಬಿಳಿ ಕಲೆ. ಕೆನ್ನೆಯ ಒಳಗೆ, ಎಲೆ-ಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿ ಉಜ್ಜಿದರೂ ಹೋಗದ ಬಿಳಿ ಪೊರೆಯಂತಹ ಕಲೆ. ಎರಡು, ಕೆಂಪು ಕಲೆ. ಇದು ಬಿಳಿ ಕಲೆಗಿಂತ ಅಪರೂಪ, ಆದರೆ ಹೆಚ್ಚು ಅಪಾಯದ್ದು. ಮೂರು, ಬಾಯಿ ಬಿಗಿಯುವುದು. ಒಳಚರ್ಮ ಬಿಳುಚಿಕೊಂಡು, ಗಟ್ಟಿಯಾಗಿ, ದಿನ ಕಳೆದಂತೆ ಬಾಯಿ ಅಗಲಿಸಲು ಕಷ್ಟವಾಗುತ್ತದೆ; ಖಾರ ತಿಂದರೆ ಉರಿಯುತ್ತದೆ. ನಾಲ್ಕು, ಎರಡು ವಾರ ದಾಟಿದರೂ ವಾಸಿಯಾಗದ ಹುಣ್ಣು ಅಥವಾ ಗಂಟು.

ಇವುಗಳಲ್ಲಿ ಹೆಚ್ಚಿನವು ಮೊದಲು ನೋಯುವುದಿಲ್ಲ. ನೋವಿಲ್ಲವೆಂದು ನಾವು ಸುಮ್ಮನಿರುತ್ತೇವೆ. ಇದೇ ಈ ರೋಗದ ಮೋಸ.

ಕೇರಳದಲ್ಲಿಯೇ ನಡೆದ ಎರಡು ಅಧ್ಯಯನಗಳು

ಬಾಯಿಯನ್ನು ನೋಡಿದ ಮಾತ್ರಕ್ಕೆ ಪ್ರಯೋಜನವಿದೆಯೇ ಎಂದು ಸಂಶಯಪಡುವವರಿಗೆ ಉತ್ತರ ದೂರದ ದೇಶದಿಂದ ಬರಬೇಕಾಗಿಲ್ಲ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. 35 ವರ್ಷ ದಾಟಿದ ಸುಮಾರು 1 ಲಕ್ಷ 90 ಸಾವಿರ ಜನ ಅದರಲ್ಲಿ ಸೇರಿದ್ದರು. ಕೆಲವು ಪಂಚಾಯತುಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಸುಮಾರು ಮೂರು ವರ್ಷಕ್ಕೊಮ್ಮೆ ಬಾಯಿ ನೋಡಿದರು. ಉಳಿದ ಪಂಚಾಯತುಗಳಲ್ಲಿ ಹಾಗೆ ನೋಡಲಿಲ್ಲ. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಗೆಸೊಪ್ಪು, ಬೀಡಿ ಅಥವಾ ಮದ್ಯದ ಅಭ್ಯಾಸ ಇದ್ದವರ ನಡುವೆ, ತಪಾಸಣೆ ನಡೆದ ಪಂಚಾಯತುಗಳಲ್ಲಿ ಬಾಯಿ ಕ್ಯಾನ್ಸರಿನಿಂದಾದ ಸಾವುಗಳು ಶೇಕಡಾ 34ರಷ್ಟು ಕಡಿಮೆಯಾಗಿದ್ದವು. ಮುಂದಿನ ವರ್ಷಗಳಲ್ಲಿಯೂ ಈ ಜನರನ್ನು ಗಮನಿಸಿದಾಗ ಇನ್ನೊಂದು ವಿಷಯ ತಿಳಿಯಿತು. ಒಮ್ಮೆ ತೋರಿಸಿ ಸುಮ್ಮನಾದವರಿಗಿಂತ, ಪ್ರತಿ ಸುತ್ತಿನಲ್ಲಿಯೂ ಬಾಯಿ ತೋರಿಸಿದವರಿಗೆ ಹೆಚ್ಚು ಪ್ರಯೋಜನವಾಗಿತ್ತು.

ಎರಡನೆಯದು ಅದಕ್ಕಿಂತ ಹಳೆಯದು, ನಮ್ಮ ಇಂದಿನ ವಿಷಯಕ್ಕೆ ಇನ್ನೂ ಹತ್ತಿರದ್ದು. 1977ರಲ್ಲಿ ಕೇರಳದ ಎರ್ನಾಕುಳಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಜಿಲ್ಲೆಗಳ ಹಳ್ಳಿಗಳಲ್ಲಿ ತಂಬಾಕು ಬಳಸುವ ಸುಮಾರು 36 ಸಾವಿರ ಜನರನ್ನು ದಂತವೈದ್ಯರು ವರ್ಷಕ್ಕೊಮ್ಮೆ ನೋಡಲು ಆರಂಭಿಸಿದರು. ಬಾಯಿ ನೋಡಿದ ಮೇಲೆ ಪ್ರತಿಯೊಬ್ಬರೊಂದಿಗೂ ಕುಳಿತು, ಈ ಅಭ್ಯಾಸವನ್ನು ಏಕೆ ಬಿಡಬೇಕು, ಹೇಗೆ ಬಿಡಬೇಕು ಎಂದು ಮಾತನಾಡಿದರು. ಇಂತಹ ಪ್ರಯತ್ನವಿಲ್ಲದ ಹಿಂದಿನ ವರ್ಷಗಳಿಗೆ ಹೋಲಿಸಿದರೆ ಹೆಚ್ಚು ಜನ ಅಭ್ಯಾಸ ಬಿಟ್ಟರು ಇಲ್ಲವೇ ಕಡಿಮೆ ಮಾಡಿದರು. ಎರ್ನಾಕುಳಂನಲ್ಲಿ ಹೊಸದಾಗಿ ಬಿಳಿ ಕಲೆ ಬರುವುದೂ ಕಡಿಮೆಯಾಯಿತು. ಅಂದರೆ ಟಾರ್ಚಿನ ಬೆಳಕಿಗೆ ಅಭ್ಯಾಸದ ಬದಲಾವಣೆಯೂ ಸೇರಿದಾಗ ರೋಗದ ಬೇರಿಗೇ ಪೆಟ್ಟು ಬೀಳುತ್ತದೆ.

'ಏನೂ ಇಲ್ಲ' ಎಂಬುದರ ಅರ್ಥ

ವೈದ್ಯರು 'ಏನೂ ಇಲ್ಲ' ಎಂದರೆ, ಆ ದಿನ, ಕಣ್ಣಿಗೆ ಕಾಣುವಂತೆ ಸಂಶಯದ ಗುರುತು ಇಲ್ಲ ಎಂದರ್ಥ. ಮುಂದೆ ಬರುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ.

ಅಡಿಕೆ ತೋಟದವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಒಂದು ತಿಂಗಳ ಬಳಿಕ ಗೊನೆ ನೋಡುತ್ತೇವೆ. ಕಾಯಿ ಉದುರಿಲ್ಲ, ಹಸುರಾಗಿದೆ. ಆದ್ದರಿಂದ 40-45 ದಿನಕ್ಕೆ ಎರಡನೆಯ ಸಲದ ಸಿಂಪಡಣೆ ಬೇಡ ಎನ್ನುತ್ತೇವೆಯೇ? ಮಳೆ ನಿಂತಿಲ್ಲ, ತೇವ ಹೋಗಿಲ್ಲ, ಅಪಾಯ ಹಾಗೆಯೇ ಇದೆ ಎಂದು ನಮಗೆ ಗೊತ್ತು. ಬಾಯಲ್ಲಿ ದಿನಕ್ಕೆ ಎಂಟು-ಹತ್ತು ಸಲ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಬೀಳುತ್ತಿರುವ ತನಕ ಅಲ್ಲಿಯೂ ಮಳೆಗಾಲವೇ.

ಆದುದರಿಂದ 'ಏನೂ ಇಲ್ಲ' ಎಂಬ ಉತ್ತರ ಸಿಕ್ಕಿದವರಿಗೆ ಅಭ್ಯಾಸ ಬಿಡಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಹಾನಿ ಕಣ್ಣಿಗೆ ಕಾಣುವಷ್ಟು ಬೆಳೆಯುವ ಮೊದಲೇ ಬಿಟ್ಟವರಿಗೆ ಲಾಭ ಅತಿ ಹೆಚ್ಚು.

ಬರಿಯ ಅಡಿಕೆ ತಿಂದರೆ ಆಗದೇ?

ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. "ಹೊಗೆಸೊಪ್ಪು ಕೆಟ್ಟದ್ದು, ಒಪ್ಪುತ್ತೇವೆ. ಅಡಿಕೆ ನಾವೇ ಬೆಳೆದದ್ದು, ಅಜ್ಜ-ಅಜ್ಜಿ ತಿಂದದ್ದು, ಅದರಲ್ಲಿ ಏನಿದೆ?" ಎನ್ನುತ್ತಾರೆ.

ಹೊಗೆಸೊಪ್ಪು ಸೇರಿದರೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಅಡಿಕೆಯೊಂದೇ ಆದರೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಸೇರಿದ ವೀಳ್ಯವನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ, ಹೊಗೆಸೊಪ್ಪಿಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಮೇಲೆ ಹೇಳಿದ ಬಾಯಿ ಬಿಗಿಯುವ ರೋಗಕ್ಕೆ ಮುಖ್ಯ ಕಾರಣವೇ ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಬಾಯಿಯ ಒಳಚರ್ಮದ ಕೆಳಗೆ ನಾರು ಹೆಚ್ಚಾಗಿ ಬೆಳೆಯುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಸುಣ್ಣ ಸೇರಿದಾಗ ಈ ವಸ್ತುಗಳು ರಕ್ತಕ್ಕೆ ಬೇಗ ಸೇರುತ್ತವೆ. ಅದರಿಂದಲೇ ತಿಂದ ಕೂಡಲೇ ಒಂದು ಹುರುಪು ಬರುವುದು, ಅದರಿಂದಲೇ ಬಿಡಲು ಕಷ್ಟವಾಗುವುದು.

ಅಂಗಡಿಯಲ್ಲಿ ತೂಗುಹಾಕಿದ ಸಿಹಿ ಸುಪಾರಿ ಪೊಟ್ಟಣವೂ ಅಡಿಕೆಯೇ. ಕೇರಳದಲ್ಲಿ 2012ರಲ್ಲಿ ಗುಟ್ಕಾ, ಪಾನ್ ಮಸಾಲಾ ನಿಷೇಧವಾದರೂ ಮಕ್ಕಳ ಕೈಗೆ ಈ ರುಚಿ ತಲಪುವ ದಾರಿಗಳು ಮುಚ್ಚಿಲ್ಲ. ತಂದೆತಾಯಂದಿರು ಗಮನವಿಡಬೇಕು.

ಕಲೆ ಕಂಡಿದೆ ಎಂದರೆ

ಇಂತಹವರು ಮೊದಲು ತಿಳಿಯಬೇಕಾದ್ದು, ಕಲೆ ಎಂದರೆ ಕ್ಯಾನ್ಸರ್ ಎಂದಲ್ಲ. ಹೆಚ್ಚಿನ ಬಿಳಿ ಕಲೆಗಳು ಕ್ಯಾನ್ಸರ್ ಆಗುವುದಿಲ್ಲ. ಅಭ್ಯಾಸ ಬಿಟ್ಟ ಮೇಲೆ ಅನೇಕರ ಕಲೆ ತೆಳುವಾಗುತ್ತದೆ, ಕೆಲವರದು ಮಾಯವೂ ಆಗುತ್ತದೆ. ಆದರೆ ಯಾವ ಕಲೆ ಹೋಗುತ್ತದೆ, ಯಾವುದು ಕೆಡುತ್ತದೆ ಎಂದು ಹೊರಗಿನಿಂದ ನೋಡಿ ನಾವು ಹೇಳುವಂತಿಲ್ಲ. ಆದ್ದರಿಂದ ವೈದ್ಯರು ಹೇಳಿದ ದಿನಕ್ಕೆ ಮತ್ತೆ ತೋರಿಸಲೇಬೇಕು.

ಬಾಯಿ ಬಿಗಿದಿದ್ದರೆ ಪೂರ್ತಿಯಾಗಿ ಮೊದಲಿನಂತೆ ಆಗುವುದು ಕಷ್ಟ. ಅಡಿಕೆ ಬಿಟ್ಟರೆ ಇನ್ನಷ್ಟು ಬಿಗಿಯುವುದನ್ನು ತಡೆಯಲು ಅವಕಾಶವಿದೆ. ಖಾರ, ಬಿಸಿ ಕಡಿಮೆ ಮಾಡಬೇಕು. ವೈದ್ಯರು ಹೇಳಿಕೊಟ್ಟ ಬಾಯಿಯ ವ್ಯಾಯಾಮವನ್ನು ದಿನವೂ ಮಾಡಬೇಕು.

ಸಂಶಯ ಹೆಚ್ಚಿದ್ದರೆ ಕಲೆಯಿಂದ ಒಂದು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ. 'ಚೂರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಮಾತು ನಮ್ಮೂರುಗಳಲ್ಲಿ ಬಹಳ ಓಡಾಡುತ್ತದೆ. ಅದನ್ನು ನಂಬಿ ಆರು ತಿಂಗಳು ನಾಟಿಮದ್ದು ಹಚ್ಚಿಕೊಂಡು ಕುಳಿತರೆ, ರೋಗ ಹರಡಲು ನಾವೇ ಸಮಯ ಕೊಟ್ಟಂತೆ. ಮೊದಲ ಹಂತದಲ್ಲಿ ಸಿಕ್ಕಿದ ಬಾಯಿ ಕ್ಯಾನ್ಸರ್ ಬಹುಮಂದಿಯಲ್ಲಿ ಗುಣವಾಗುತ್ತದೆ. ಕುತ್ತಿಗೆಯ ಗಂಟಿನವರೆಗೆ ಬಂದ ಮೇಲೆ ಚಿಕಿತ್ಸೆ ದೊಡ್ಡದು, ಖರ್ಚು ದೊಡ್ಡದು, ಫಲ ಕಡಿಮೆ. ನಮಗೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಮಂಗಳೂರಿನ ಆಸ್ಪತ್ರೆಗಳೂ ದೂರವಲ್ಲ.

ಇನ್ನೊಂದು ಮಾತು. ಪರೀಕ್ಷೆಯ ಚೀಟಿ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದನ್ನು ಮಡಚಿ ಪೆಟ್ಟಿಗೆಯಲ್ಲಿಡುತ್ತಾರೆ. ಹಾಗೆ ಮಾಡಬೇಡಿ. "ಇದರಲ್ಲಿ ಏನು ಬರೆದಿದೆ? ಮತ್ತೆ ಯಾವಾಗ ಬರಬೇಕು? ನಾನು ಏನು ಬಿಡಬೇಕು?" ಈ ಮೂರು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯಲ್ಲಿಯೋ ನರ್ಸಮ್ಮನಲ್ಲಿಯೋ ಕೇಳಿ, ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಉತ್ತರ ತಿಳಿದುಕೊಳ್ಳಿ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಜತೆಗೆ ಕರೆದುಕೊಂಡು ಹೋಗಿ.

ಬಿಡುವುದು ಹೇಗೆ?

'ಬಿಡಿ' ಎಂದು ಹೇಳುವುದು ಸುಲಭ. ಮೂವತ್ತು ವರ್ಷದ ಅಭ್ಯಾಸ ಬಿಡುವವನ ಕಷ್ಟ ಬೇರೆ. ಅದಕ್ಕೆ ಕೆಲವು ಉಪಾಯಗಳು:

1. ದಿನ ಗೊತ್ತುಮಾಡಿ. ತಪಾಸಣೆಯಾದ ಎರಡು ವಾರದೊಳಗೆ ಒಂದು ದಿನವನ್ನು ನಿಶ್ಚಯಿಸಿ ಮನೆಯವರಿಗೆ ಹೇಳಿ. ಅಡಿಕೆ ಸುಲಿಯುವ ಕೆಲಸದ ನಡುವೆ ಆ ದಿನ ಬಾರದಂತೆ ನೋಡಿಕೊಳ್ಳಿ. ಕೈಯಲ್ಲಿ ಅಡಿಕೆ ಇದ್ದು ಬಾಯಿಗೆ ಹಾಕಬಾರದೆಂದರೆ ಅದು ದೊಡ್ಡ ಪರೀಕ್ಷೆ.

2. ಲೆಕ್ಕ ಇಡಿ. ಅದಕ್ಕೆ ಮೊದಲಿನ ಒಂದು ವಾರ, ಎಷ್ಟು ಸಲ ತಿಂದಿರಿ, ಯಾವಾಗ ತಿಂದಿರಿ ಎಂದು ಕ್ಯಾಲೆಂಡರಿನಲ್ಲಿ ಗೆರೆ ಎಳೆಯಿರಿ. ಚಹಾದ ನಂತರ, ಊಟದ ನಂತರ, ತೋಟಕ್ಕೆ ಇಳಿಯುವಾಗ ಹೀಗೆ ಸಮಯ ತಿಳಿದರೆ ಆ ಸಮಯಕ್ಕೆ ಬೇರೆ ಏನಾದರೂ ಸಿದ್ಧಮಾಡಿಕೊಳ್ಳಬಹುದು.

3. ರಾತ್ರಿಯದನ್ನು ಮೊದಲು ನಿಲ್ಲಿಸಿ. ಎಲೆ-ಅಡಿಕೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡು ಮಲಗುವವರು ಈ ಅಭ್ಯಾಸವನ್ನು ಇಂದೇ ಬಿಡಬೇಕು. ಗಂಟೆಗಟ್ಟಲೆ ಒಂದೇ ಜಾಗಕ್ಕೆ ವಿಷ ತಾಗುತ್ತಿರುತ್ತದೆ.

4. ಹೊಗೆಸೊಪ್ಪು ಬಿಟ್ಟು ಅಲ್ಲಿಗೇ ನಿಲ್ಲಬೇಡಿ. ಮೊದಲು ಹೊಗೆಸೊಪ್ಪು, ಮತ್ತೆ ಅಡಿಕೆ ಎಂದು ಮೆಟ್ಟಲು ಇಳಿಯುವುದಾದರೆ ಆಗಬಹುದು. ಆದರೆ ಎರಡನೆಯ ಮೆಟ್ಟಲಿಗೂ ದಿನ ಗೊತ್ತಿರಲಿ. ಎಲೆ ಬಿಟ್ಟು ಬೀಡಿ ಹಿಡಿದರೆ ಏನೂ ಸಾಧಿಸಿದಂತಾಗಲಿಲ್ಲ.

5. ಆಸೆ ಬಂದಾಗ ಕಾಯಿರಿ. ತಿನ್ನಬೇಕೆಂಬ ತೀವ್ರ ಆಸೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಎದ್ದು ತೋಟಕ್ಕೆ ಒಂದು ಸುತ್ತು ಬನ್ನಿ. ಬಾಯಿಗೆ ಏನಾದರೂ ಬೇಕೆಂದಾದರೆ ಏಲಕ್ಕಿ, ಜೀರಿಗೆ, ಉಪ್ಪುಹಾಕಿ ಒಣಗಿಸಿದ ನೆಲ್ಲಿಕಾಯಿ ಇರಲಿ.

6. ಮೊದಲ ವಾರಕ್ಕೆ ಹೆದರಬೇಡಿ. ತಲೆನೋವು, ಸಿಟ್ಟು, ನಿದ್ದೆಗೇಡು, ಮಲಬದ್ಧತೆ ಕಾಣಿಸಬಹುದು. ಮೊದಲ ವಾರ ಇದು ಹೆಚ್ಚು; ಮೂರು-ನಾಲ್ಕು ವಾರಗಳಲ್ಲಿ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ತಡೆಯಲಾಗದಿದ್ದರೆ ವೈದ್ಯರು ಮದ್ದು ಕೊಡಬಲ್ಲರು.

7. ಮದ್ಯವನ್ನು ದೂರವಿಡಿ. ತಂಬಾಕು ಮತ್ತು ಮದ್ಯ ಸೇರಿದರೆ ಬಾಯಿಗೆ ಆಗುವ ಹಾನಿ ಬರಿಯ ಕೂಡಿಸಿದ ಲೆಕ್ಕವಲ್ಲ, ಗುಣಿಸಿದ ಲೆಕ್ಕ. ಅಲ್ಲದೆ ಕುಡಿದಾಗ ನಿಶ್ಚಯವೂ ಸಡಿಲವಾಗುತ್ತದೆ.

8. ಸಹಾಯ ಕೇಳಿ. ತಂಬಾಕು ಬಿಡುವವರಿಗೆಂದು ಸರಕಾರದ ಉಚಿತ ದೂರವಾಣಿ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ಸಲಹೆ ಸಿಗುತ್ತದೆ.

ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಟ್ಟವರು, ಮದ್ಯ ಬಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಲವತ್ತು ದಿನ ಸಾಧ್ಯ ಎಂದು ಅವರಿಗೆ ಗೊತ್ತಿದೆ. ಈಸ್ಟರ್ ಮರುದಿನ ಹಿಂದೆ ಹೋಗಬಾರದು, ಅಷ್ಟೇ. ನಡುವೆ ಒಮ್ಮೆ ಜಾರಿದರೆ 'ನನ್ನಿಂದ ಆಗದು' ಎಂದು ಕೈಚೆಲ್ಲಬೇಡಿ. ಬಿಟ್ಟವರಲ್ಲಿ ಹೆಚ್ಚಿನವರು ಎರಡು-ಮೂರು ಸಲ ಪ್ರಯತ್ನಿಸಿಯೇ ಬಿಟ್ಟವರು.

ಮನೆಯವರ ಪಾಲು

ಅಜ್ಜ ಬಿಡಬೇಕೆಂದು ನಿಶ್ಚಯಿಸಿದ ಮನೆಯ ಜಗಲಿಯಲ್ಲಿ ಎಲೆ-ಅಡಿಕೆಯ ತಟ್ಟೆ ಹಾಗೆಯೇ ಇದ್ದರೆ ಅವರ ನಿಶ್ಚಯ ಎಷ್ಟು ದಿನ ಉಳಿದೀತು? ತಟ್ಟೆಯನ್ನೂ ಅಡಕತ್ತರಿಯನ್ನೂ ಒಳಗಿಡಿ. ಬಂದವರಿಗೆ ಮಜ್ಜಿಗೆ, ಬೆಲ್ಲ-ನೀರು ಕೊಟ್ಟರೆ ಮರ್ಯಾದೆ ಕಡಿಮೆಯಾಗದು. ಕೆಲಸದವರಿಗೆ ಎಲೆ-ಅಡಿಕೆ ಕೊಡುವ ರೂಢಿಯಿದ್ದರೆ ಅದರ ಬದಲು ಒಂದು ಚಹಾ ಹೆಚ್ಚು ಕೊಡಿ. ಅವರ ಬಾಯಿಯೂ ನಮ್ಮ ಬಾಯಿಯಂತೆಯೇ. ತಪಾಸಣೆಯ ದಿನ ಅವರಿಗೂ ಅರ್ಧ ದಿನ ಬಿಡುವು ಕೊಟ್ಟು ಕಳಿಸಿ.

ಎಲೆ ತಿನ್ನುವ ಹೆಂಗಸರು ತಪಾಸಣೆಗೆ ನಾಚಿಕೊಳ್ಳುತ್ತಾರೆ. 'ನಾನು ಸ್ವಲ್ಪವೇ ತಿನ್ನುವುದು' ಎನ್ನುತ್ತಾರೆ. ಮಕ್ಕಳು, ಸೊಸೆಯಂದಿರು ಅವರನ್ನು ಪ್ರೀತಿಯಿಂದ ಕರೆದೊಯ್ಯಬೇಕು. ಬೈದು ಬಿಡಿಸಲು ಹೋದರೆ ಕದ್ದು ತಿನ್ನುವುದನ್ನು ಕಲಿಸಿದಂತಾಗುತ್ತದೆ.

ಊಟದಲ್ಲಿ ಹಿತ್ತಿಲಿನ ಹರಿವೆ, ಬಸಳೆ, ನುಗ್ಗೆಸೊಪ್ಪು, ಪಪ್ಪಾಯಿ, ಪೇರಳೆ ಹೆಚ್ಚಿರಲಿ. ತರಕಾರಿ, ಹಣ್ಣು ಚೆನ್ನಾಗಿ ತಿನ್ನುವವರಲ್ಲಿ ಬಾಯಿ ಕ್ಯಾನ್ಸರ್ ಕಡಿಮೆ. ಆದರೆ ಸೊಪ್ಪು ತಿನ್ನುತ್ತೇನೆಂದು ಹೊಗೆಸೊಪ್ಪಿಗೆ ರಿಯಾಯಿತಿ ಸಿಗುವುದಿಲ್ಲ. ಕೆನ್ನೆಗೆ, ನಾಲಗೆಗೆ ತಾಗಿ ಗಾಯ ಮಾಡುವ ಚೂಪಾದ ಹಲ್ಲಿದ್ದರೆ ಅಥವಾ ಕೃತಕ ದಂತಪಂಕ್ತಿ ಸರಿಯಾಗಿ ಕೂರದಿದ್ದರೆ ದಂತವೈದ್ಯರಲ್ಲಿ ಸರಿಮಾಡಿಸಿಕೊಳ್ಳಿ.

ತಿಂಗಳಿಗೊಮ್ಮೆ ಕನ್ನಡಿಯ ಮುಂದೆ

ಸರಕಾರದ ಕ್ರಮದಂತೆ 30 ದಾಟಿದವರ ಬಾಯಿಯನ್ನು 5 ವರ್ಷಕ್ಕೊಮ್ಮೆ ನೋಡಬೇಕೆಂದಿದೆ. ಎಲೆ-ಅಡಿಕೆ, ಹೊಗೆಸೊಪ್ಪು, ಬೀಡಿಯ ಅಭ್ಯಾಸ ಇದ್ದವರು, ಬಿಟ್ಟವರು ಕೂಡ, ವರ್ಷಕ್ಕೊಮ್ಮೆ ತೋರಿಸುವುದು ಒಳ್ಳೆಯದು. ನಡುವೆ ತಿಂಗಳಿಗೊಮ್ಮೆ ನಾವೇ ನೋಡಿಕೊಳ್ಳಬಹುದು. ಬಾಯಿ ತೊಳೆದು, ಹಗಲ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ತುಟಿಯ ಒಳಭಾಗ, ಎರಡೂ ಕೆನ್ನೆ, ಒಸಡು, ಅಂಗಳ, ನಾಲಗೆಯ ಎರಡು ಬದಿ, ನಾಲಗೆಯ ಅಡಿ ನೋಡಿ. ಕುತ್ತಿಗೆಯನ್ನು ಮುಟ್ಟಿ ಗಂಟು ಇದೆಯೇ ಎಂದು ಪರೀಕ್ಷಿಸಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಹಲ್ಲುಗಳ ನಡುವೆ ಇಡಿ. ಮೂರು ಬೆರಳು ಹೋಗದಿದ್ದರೆ ಬಾಯಿ ಬಿಗಿಯುತ್ತಿರಬಹುದು. ಕಲೆ, ಹುಣ್ಣು, ಗಂಟು ಎರಡು ವಾರ ದಾಟಿದರೆ ವೈದ್ಯರಲ್ಲಿಗೆ ಹೋಗಿ.

ಬೆಳೆಯುವ ನಮಗೆ

ಅಡಿಕೆ ನಮ್ಮಲ್ಲಿ ಅನೇಕರಿಗೆ ಅನ್ನ ಕೊಟ್ಟಿದೆ, ಮಕ್ಕಳನ್ನು ಓದಿಸಿದೆ, ಮದುವೆ ಮಾಡಿಸಿದೆ. ಅದರ ಬಗ್ಗೆ ಇಂತಹ ಮಾತು ಬರೆಯುವುದು ಕೆಲವರಿಗೆ ಬೇಸರ ತರಬಹುದು. ಆದರೆ ತೋಟದ ಲೆಕ್ಕ ಬೇರೆ, ಬಾಯಿಯ ಲೆಕ್ಕ ಬೇರೆ. ನಾಳೆಯೇ ಮರ ಕಡಿಯಿರಿ ಎಂದು ಯಾರೂ ಹೇಳುತ್ತಿಲ್ಲ. ಮರಕ್ಕೆ ಕರಿಮೆಣಸು ಹಬ್ಬಿಸಿ, ನಡುವೆ ಬಾಳೆ, ಕೊಕ್ಕೊ ಬೆಳೆಸಿ, ಒಂದೇ ಬೆಳೆಯ ಮೇಲೆ ನಿಲ್ಲದ ತೋಟ ಮಾಡುವುದು ಬುದ್ಧಿವಂತಿಕೆ. ಧಾರಣೆ ಇಳಿದಾಗಲೂ ಅದು ಕೈಹಿಡಿಯುತ್ತದೆ. ಇದನ್ನು ನಿಧಾನವಾಗಿ ಯೋಚಿಸೋಣ. ಬಾಯಿಗೆ ಹಾಕುವುದನ್ನು ನಿಲ್ಲಿಸಲು ಮಾತ್ರ ಧಾರಣೆಗಾಗಿ ಕಾಯಬೇಕಾಗಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿ ಚೀಟಿಯನ್ನು ಗೋಡೆಗೆ ಸಿಕ್ಕಿಸಿಟ್ಟರೆ ಮಣ್ಣು ಸುಧಾರಿಸುವುದಿಲ್ಲ. ಅದರಲ್ಲಿ ಬರೆದಂತೆ ಸುಣ್ಣ, ಗೊಬ್ಬರ ಹಾಕಿದಾಗ ಮಾತ್ರ ಇಳುವರಿ. ಬಾಯಿಯ ಪರೀಕ್ಷೆಯೂ ಹಾಗೆಯೇ. ಈ ವರ್ಷ ತಪಾಸಣೆ ಮಾಡಿಸಿಕೊಂಡವರು ತಮ್ಮ ಚೀಟಿಯನ್ನು ಇಂದು ಒಮ್ಮೆ ಹೊರತೆಗೆಯಿರಿ. ಮತ್ತೆ ತೋರಿಸಬೇಕಾದ ದಿನವನ್ನೂ ಎಲೆಸಂಚಿ ಬಿಡುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಪಾಸಣೆ ಮಾಡಿಸದವರು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಕೇಳಿ.